ಹಪ್ಪಳದಂತೆ ಉಬ್ಬಿದ ಮಾಳಿಗೆ

ಮೇ ತಿಂಗಳ ಕೊನೆಯ ರವಿವಾರ, ಬೆಳಗಿನ ಆರು ಗಂಟೆ. ಸ್ಥಳ, ಕೊಂಢವಾ ಬಡಾವಣೆಯ ನಮ್ಮ ಕಟ್ಟಡದ ಮಾಳಿಗೆ. ಹಾಜರಿದ್ದವರು ನಾನು, ನನ್ನ ಹೆಂಡತಿ ಮತ್ತು ಮೇಲಿನ ಮಹಡಿಯ ನೆರೆಯವರು, ನಾವೆಲ್ಲ ಅಕ್ಕ ಎನ್ನುವ ಬೆಳಗಾವಿಯ ಹೆಂಗಸು. ಒಂದು ಕಾಗೆಯೂ ಇತ್ತು. ಅದನ್ನು ಹಾಜರಿಗೆ ಹಿಡಿದಿಲ್ಲ.

ಹದಿನೈದು ದಿನ ಬಾರಾಮತಿಯಲ್ಲಿ ತಮ್ಮನ ಮನೆಯಲ್ಲಿದ್ದು ಹಿಂದಿನ ಸಂಜೆಯಷ್ಟೇ ಮರಳಿದ್ದೆ. ಎಂದಿನಂತೆ ಸುತ್ತು ಹಾಕಲು ಹೋದರೆ ಮಾಳಿಗೆಯ ಒಂದು ಮೂಲೆ ಕಾದ ಎಣ್ಣೆಗೆ ಬಿದ್ದ ಹಪ್ಪಳದಂತೆ ಗುಳ್ಳೆ ಗುಳ್ಳೆಯಾಗಿ ಉಬ್ಬಿತ್ತು. ಸೋರದಿರಲೆಂದು ಹಾಸಿದ್ದ ರಬ್ಬರ್ ಹಾಳೆಯ ಬೆಸುಗೆ ಬಾಯಿ ತೆರೆದಿತ್ತು.

ನಾನು ಖಡಕಿಯ ಕಡೆಯ ಕಾರ್ಖಾನೆಯೊಂದರಲ್ಲಿ ರಬ್ಬರ್ ಕಲಸಿ ನಿವೃತ್ತನಾದವನು. ಪ್ರತಿ ಮಳೆಗಾಲ ಅಕ್ಕನ ಕೋಣೆ ಸೋರುತ್ತಿತ್ತು. ಡಾಂಬರು ಬೇಡ, ಇ.ಪಿ.ಡಿ.ಎಂ. ರಬ್ಬರ್ ಹಾಳೆ ಹಾಸೋಣ ಎಂದು ಎಲ್ಲರನ್ನೂ ಒಪ್ಪಿಸಿದವನು ನಾನೇ. ಎಥಿಲೀನ್, ಪ್ರೊಪಿಲೀನ್ ಎಂಬ ಎರಡು ಅನಿಲಗಳನ್ನು ಮಣಿಗಳಂತೆ ಪೋಣಿಸಿ, ಗಂಧಕ ಕೊಂಡಿ ಹಾಕಲು ಜಾಗ ಸಿಗಲೆಂದು ಡೈಯೀನ್ ಎಂಬ ಮೂರನೆಯ ರಾಸಾಯನಿಕವನ್ನು ಚಿಟಿಕೆಯಷ್ಟು ಸೇರಿಸಿದರೆ ಈ ರಬ್ಬರ್ ಆಗುತ್ತದೆ. ಸರದ ಬೆನ್ನೆಲುಬಿನಲ್ಲಿ ಬಿಸಿಲು, ಓಜೋನ್ ಕಚ್ಚುವಂಥ ಜೋಡಿಬಂಧವೇ ಇಲ್ಲ. ಅದಕ್ಕೇ ಕಾರಿನ ಬಾಗಿಲಿನ ಅಂಚಿಗೆ, ರೇಡಿಯೇಟರಿನ ಕೊಳವೆಗೆ ಇದನ್ನೇ ಹಾಕುತ್ತಾರೆ. ಬಿಸಿಲಿಗೆ ಅಂಜದು, ಮಳೆಗೆ ಅಂಜದು. ಇದಕ್ಕೆ ಶತ್ರು ಒಂದೇ, ಎಣ್ಣೆ. ಇದೂ ಎಣ್ಣೆಯ ಬಳಗದ್ದೇ. ನೆಂಟರು ಬಂದರೆಂದು ಒಳಗೆ ಕರೆದುಕೊಂಡು ಊದಿಕೊಳ್ಳುತ್ತದೆ.

"ಇಲ್ಲಿ ಏನ್ ಮಾಡಿದ್ರಿ?" ಎಂದೆ.

"ಸಂಡಿಗಿ ಇಟ್ಟಿದ್ವಿ," ಎಂದಳು ಹೆಂಡತಿ, ಪದಕ ಗೆದ್ದವಳಂತೆ. "ಕರೀ ಹಾಳಿ ಭಾಳ ಕಾಯ್ತದ್ರಿ. ಮಧ್ಯಾಹ್ನಕ್ಕ ಒಣಗಿ ಗರಿಗರಿ! ಇಡೀ ಬಿಲ್ಡಿಂಗಿನವ್ರು ಇಟ್ಟಾರ."

"ಎಣ್ಣಿ ಸವರಿದ್ರೇನು?"

"ಸವರದ ಹೆಂಗ ಏಳ್ತಾವ? ಶೇಂಗಾ ಎಣ್ಣಿ, ದಿನಾ ಒಂದ್ ಕೈ. ಧಾರವಾಡದಾಗ ನಮ್ಮವ್ವ ಹಂಗ ಮಾಡ್ತಿದ್ಲು."

"ನಿಮ್ಮವ್ವ ರಬ್ಬರ್ ಮ್ಯಾಲೆ ಇಡ್ತಿದ್ಲೇನು?"

"ನಿಮ್ಮಂಥಾ ಅಳಿಯ ರಬ್ಬರ್ ತಂದು ಕೊಟ್ಟಿದ್ರ ಇಡ್ತಿದ್ಲು."

ಅಕ್ಕ ನಗಲಿಲ್ಲ. ಉಬ್ಬಿದ ಮೂಲೆಯ ನೇರ ಕೆಳಗೆ ಅವರ ಕೋಣೆ. ಅಂದು ಸಂಜೆ ಅವರ ಮಗಳು ಹಸುಗೂಸಿನೊಂದಿಗೆ ಆಸ್ಪತ್ರೆಯಿಂದ ಆ ಕೋಣೆಗೇ ಬರುವವಳಿದ್ದಳು. ಮೋಡವೂ ಬೆಳಿಗ್ಗೆಯೇ ಬಂದು ಕೂತಿತ್ತು.

"ಅಣ್ಣಾರ, ಕೂಸಿನ ತಲೀ ಮ್ಯಾಲೆ ಸೋರಿದ್ರ ಬೀಗರ ಮುಂದ ಏನ್ ಹೇಳ್ಲಿ?"

"ಮಳಿ ಬರೋದರಾಗ ತೇಪಿ ಹಚ್ತೀನ್ರಿ. ಹಾಸಿ ಉಳಿದ ತುಂಡು ಎಲ್ಲದ?"

ಹೆಂಡತಿ ಅಕ್ಕನನ್ನು ನೋಡಿದಳು. ಅಕ್ಕ ಕಾಗೆಯನ್ನು ನೋಡಿದರು.

ತುಂಡು ಅಕ್ಕನ ಕೋಣೆಯಲ್ಲಿ, ಕೂಸಿಗೆಂದು ಸಿದ್ಧಪಡಿಸಿದ ಹಾಸಿಗೆಯ ಮೇಲಿತ್ತು. ಕೂಸು ಉಚ್ಚೆ ಹೊಯ್ದರೆ ಗಾದಿ ಹಾಳಾಗಬಾರದೆಂದು ಹೆಂಡತಿಯೇ ಕೊಟ್ಟಿದ್ದಳಂತೆ. ಮೇಲೆ ನಾಲ್ಕು ಮೂಲೆಗೂ ಕುಂಕುಮ ಹಚ್ಚಿತ್ತು.

"ಶಾಸ್ತ್ರ ಮಾಡಿ ಹಾಸೀನಿ. ಕೊಡೂದಿಲ್ಲ," ಎಂದು ಅಕ್ಕ ಹಾಸಿಗೆಯ ಮೇಲೆ ಕುಳಿತೇಬಿಟ್ಟರು.

"ಮ್ಯಾಲಿನ ನೀರು ಮೊದಲ ತಡೀಬೇಕಲ್ರಿ!"

"ಮ್ಯಾಲಿಂದು ಬಂದ್ರ ಬಂತು. ಕೆಳಗಿಂದು ತಾಸಿಗೊಮ್ಮೆ ಬರೋದ ಖರೆ."

ತರ್ಕ ಬಲವಾಗಿತ್ತು. ನಾನು ಕಾರ್ಖಾನೆಯ ಶಿಸ್ತಿನಲ್ಲಿ ಪ್ರಶ್ನೆ ಕೇಳಿದೆ.

"ಕೂಸಿಗೆ ಎಣ್ಣಿ ಹಚ್ಚಿ ಎರೀತೀರೇನು?"

"ಮತ್ತ? ದಿನಾ. ತಿಕ್ಕಿ ತಿಕ್ಕಿ."

"ಹಂಗಿದ್ರ ನಡೀರಿ, ಮಾಳಿಗಿಗೆ ಹೋಗಿ ಮತ್ತೊಮ್ಮೆ ನೋಡ್ರಿ. ಎಣ್ಣಿ ಕೂಸು ಮಲಗಿದ್ರ ಹಾಸಿಗಿನೂ ಹಂಗ ಉಬ್ತದ."

ಅಕ್ಕ ಎದ್ದರು. ಹೆಂಡತಿಯನ್ನು ಔಷಧದ ಅಂಗಡಿಗೆ ಅಟ್ಟಿ ಕೂಸಿನ ಹಾಸಿಗೆಗೆ ಹಾಸುವ ಹಾಳೆ ತರಿಸಿದರು. ನಾನು ತುಂಡನ್ನು ಹೊತ್ತು ಮಾಳಿಗೆ ಹತ್ತಿದೆ. ಕುಂಕುಮ ಮಾತ್ರ ಒರೆಸಬಾರದೆಂದು ಅಪ್ಪಣೆಯಾಗಿತ್ತು. ಅದು ಅಂಟು ಹಿಡಿಯುವ ಬದಿಯಲ್ಲಿರಲಿಲ್ಲವಾದ್ದರಿಂದ ಒಪ್ಪಿದೆ.

ಉಬ್ಬಿದ ಭಾಗವನ್ನು ಕತ್ತರಿಸಿ ತೆಗೆದೆ. ಸುತ್ತಲಿನ ಜಿಡ್ಡನ್ನು ಇಬ್ಬರೂ ಹೆಂಗಸರಿಂದ ಸೋಪಿನ ನೀರಲ್ಲಿ ತಿಕ್ಕಿಸಿದೆ. ಸವರಿದ ಕೈಗಳೇ ತಿಕ್ಕಬೇಕು ಎಂಬುದು ನನ್ನ ನಿಯಮ. ಒಣಗಿದ ಮೇಲೆ ಅಂಟು ಬಳಿದು, ತೇಪೆ ಕೂರಿಸಿ, ಒತ್ತುವ ಉರುಳೆಯ ಬದಲು ನಮ್ಮ ಲಟ್ಟಣಿಗೆಯನ್ನೇ ಉರುಳಿಸಿದೆ.

ಸಂಜೆ ಕೂಸು ಬಂತು, ಅದರ ಹಿಂದೆಯೇ ಮಳೆ. ಅಕ್ಕನ ಕೋಣೆಯಲ್ಲಿ ಎಲ್ಲರೂ ಮೇಲೆ ನೋಡುತ್ತ ನಿಂತೆವು. ಬೀಗರೂ ಏಕೆಂದು ತಿಳಿಯದೆ ಮೇಲೆ ನೋಡಿದರು. ಒಂದು ಹನಿಯೂ ಬೀಳಲಿಲ್ಲ. ಕೆಳಗಿನದು ಮಾತ್ರ ಸಮಯಕ್ಕೆ ಸರಿಯಾಗಿ ಬಂತು. ಗಾದಿ ಒಣಗಿಯೇ ಇತ್ತು. ಹೆಂಡತಿ ಕರಿದ ಸಂಡಿಗೆ ತಂದಳು. ಉಬ್ಬಬೇಕಾದದ್ದು ಉಬ್ಬಿತ್ತು.

ಮಳೆ ನಿಂತ ಮೇಲೆ ತೇಪೆ ನೋಡಿ, ಮಾಳಿಗೆಯ ಬಾಗಿಲು ಎಳೆದೆ. ಬೀಗ ಕೈಯಲ್ಲಿ ಜಾರಿತು.

"ತುಕ್ಕು ಹಿಡೀಬಾರದಂತ ಒಂದೀಟು ಎಣ್ಣಿ ಬಿಟ್ಟೀನ್ರಿ," ಎಂದಳು ಹೆಂಡತಿ ಮೆಟ್ಟಿಲಿನಿಂದ.

ಅದು ಕಬ್ಬಿಣ. ತಕರಾರು ಮಾಡದೆ ಬೀಗ ಹಾಕಿದೆ.