ಬಾಸಿಲಿಯೊನ ಎದುರಾಳಿ

ಎರ್ಮಿನಿಯೊ ಸಕ್ಕರೆ ಕಾರ್ಖಾನೆಯಲ್ಲಿ ಮೂವತ್ತೆಂಟು ವರ್ಷ ಯಂತ್ರ ರಿಪೇರಿ ಮಾಡಿ ನಿವೃತ್ತನಾದವನು. ಸಿಹಿಯ ನಡುವೆ ಬದುಕಿದರೂ ನಾಲಿಗೆ ಮಾತ್ರ ಖಾರ. ಬೆಳಿಗ್ಗೆ ಹತ್ತಕ್ಕೆ ಬಯಾಮೊ ಊರಿನ ಪಾರ್ಕಿನ ಮೂಲೆಗೆ ಬಂದು, ಊಟದ ಹೊತ್ತಿನವರೆಗೆ ಬೇಸ್‌ಬಾಲ್ ಬಗ್ಗೆ ಜಗಳವಾಡಿ ಮನೆಗೆ ಹೋಗುವುದು ಅವನ ದಿನಚರಿ. ಒಂದು ಕಾಲದಲ್ಲಿ ಆ ಮೂಲೆಯಲ್ಲಿ ನಲವತ್ತು ಜನ ಸೇರುತ್ತಿದ್ದರು. ಅವರು ಕೈ ಬೀಸಿ ಕಿರುಚುವುದನ್ನು ಕಂಡು ಹೊಸ ಪೊಲೀಸರು ಓಡಿ ಬಂದದ್ದುಂಟು. ಬಂದವರು ಯಾವುದೋ ಒಂದು ಪಕ್ಷ ಸೇರಿ ತಾವೂ ಕಿರುಚಿದ್ದುಂಟು.

ಬರಬರುತ್ತ ಊರಿಗೆ ಬೇಸ್‌ಬಾಲ್ ಬೇಸರವಾಯಿತು. ಜನ ಫುಟ್‌ಬಾಲಿನ ಹಿಂದೆ ಹೋದರು. ಕಣ್ಣಾರೆ ಕಾಣದ ಬಾರ್ಸಿಲೋನಾ ತಂಡಕ್ಕಾಗಿ ಅಳತೊಡಗಿದರು. ಮೂಲೆಯಲ್ಲಿ ಉಳಿದವರು ಇಬ್ಬರೇ: ಎರ್ಮಿನಿಯೊ ಮತ್ತು ನಿವೃತ್ತ ಪೋಸ್ಟ್‌ಮ್ಯಾನ್ ಬಾಸಿಲಿಯೊ. ನಮ್ಮೂರಲ್ಲೇ ಹುಟ್ಟಿ ಹವಾನಾ ತಂಡದ ಪರ ನಿಂತ ದ್ರೋಹಿ ಈ ಬಾಸಿಲಿಯೊ. ಇಬ್ಬರದೂ ಮೂವತ್ತೊಂದು ವರ್ಷದಿಂದ ಒಂದೇ ವ್ಯಾಜ್ಯ. ಒಂದು ಪಂದ್ಯದ ಕೊನೆಗೆ ಹವಾನಾದ ಓಟಗಾರ ಜಾರಿಕೊಂಡು ಬಂದು ಗೆಲುವಿನ ಓಟ ಮುಗಿಸಿದ್ದ. ಅವನು ಔಟೇ, ಅಲ್ಲವೇ? ಅಲ್ಲ ಎಂದಿದ್ದ ಅಂಪೈರ್. ಔಟ್ ಎನ್ನುತ್ತಾನೆ ಎರ್ಮಿನಿಯೊ.

ಕಳೆದ ಮಾರ್ಚಿನಲ್ಲಿ ಬಾಸಿಲಿಯೊಗೆ ಹೃದಯಾಘಾತವಾಯಿತು. ಅವನು ಆಸ್ಪತ್ರೆಯಲ್ಲಿದ್ದ ಹನ್ನೊಂದು ದಿನವೂ ಎರ್ಮಿನಿಯೊ ಪಾರ್ಕಿನ ಬೆಂಚಿನ ಮೇಲೆ ಸುಮ್ಮನೆ ಕೂತಿದ್ದ. ಒಬ್ಬನೇ ಜಗಳವಾಡಿದರೆ ಊರು ಅದಕ್ಕೆ ಬೇರೆ ಹೆಸರಿಡುತ್ತದೆ.

ಗೆಳೆಯ ಮನೆಗೆ ಬಂದನೆಂದು ತಿಳಿದೊಡನೆ ನೋಡಲು ಹೋದ. ಮಂಚದ ಮೇಲಿದ್ದವನ ಮುಖ ಹಿಂಡಿದ ಬಟ್ಟೆಯಂತಾಗಿತ್ತು. ಎರ್ಮಿನಿಯೊಗೆ ಏನಾದರೂ ಕೊಡಬೇಕೆನಿಸಿತು.

“ಬಾಸಿಲಿಯೊ, ನೀನು ಹೇಳಿದ್ದೇ ಸರಿ ಕಣೋ. ಅವನು ಔಟಾಗಿರ್ಲಿಲ್ಲ.”

ಬಾಸಿಲಿಯೊ ಗೋಡೆ ಕಡೆ ತಿರುಗಿ ಮಲಗಿದ.

ಮರುದಿನ ಬಾಸಿಲಿಯೊನ ಹೆಂಡತಿ ನೆರೈದಾ ಏದುಸಿರು ಬಿಡುತ್ತ ಪಾರ್ಕಿಗೆ ಬಂದಳು.

“ಅದೇನು ಹೇಳಿ ಬಂದ್ಯೋ ಪುಣ್ಯಾತ್ಮ? ನಿನ್ನೆಯಿಂದ ಒಂದು ಗುಟುಕು ಸೂಪ್ ಕುಡಿದಿಲ್ಲ. ‘ಎರ್ಮಿನಿಯೊನೇ ಒಪ್ಕೊಂಡ ಅಂದ್ರೆ ಡಾಕ್ಟ್ರು ಅವನ ಹತ್ರ ಏನೋ ಹೇಳಿರ್ಬೇಕು, ನಾನಿನ್ನು ಉಳಿಯಲ್ಲ’ ಅಂತಿದಾರೆ.”

“ಅಯ್ಯೋ, ಸಮಾಧಾನಕ್ಕೆ ಅಂದೆ ತಾಯೀ!”

“ನಿನ್ನ ಸಮಾಧಾನಕ್ಕಿಷ್ಟು ಬೆಂಕಿ ಹಾಕ! ಎದ್ದೇಳು, ಬಂದು ಜಗಳ ಆಡು.”

ಎರ್ಮಿನಿಯೊ ಓಡಿದ. ಬಾಗಿಲಲ್ಲೇ ಶುರು ಮಾಡಿದ: “ಔಟು! ನಿನ್ನೆ ನನ್ನ ತಲೆ ಕೆಟ್ಟಿತ್ತು. ಔಟಂದ್ರೆ ಔಟು!”

ಬಾಸಿಲಿಯೊ ಗೋಡೆ ಕಡೆಯಿಂದ ತಿರುಗಲಿಲ್ಲ. ಎರ್ಮಿನಿಯೊ ಮಂಚದ ಹತ್ತಿರಕ್ಕೇ ಬಂದ.

“ಅವನ ಕಾಲು ಒಂದು ಗೇಣು ಹಿಂದಿತ್ತು ಕಣೋ! ಜನ್ಮವೆಲ್ಲಾ ಒಬ್ಬರ ಕಾಗದ ಪಕ್ಕದ ಮನೆಗೆ ಹಾಕಿದೋನಿಗೆ ಅದೆಲ್ಲಿ ಕಾಣ್ಬೇಕು?”

ಬಾಸಿಲಿಯೊ ನಿಧಾನವಾಗಿ ಈ ಕಡೆ ತಿರುಗಿದ. “ನೀನು ನೋಡಿದ್ಯಾ? ರೇಡಿಯೋದಲ್ಲಿ ಕೇಳಿದ ನನ್ಮಗ!”

“ಕೇಳಿದ್ರೇನು, ಕಾಲು ಜಾರಿದ್ದು ಕಿವಿಗೇ ಗೊತ್ತಾಯ್ತು!”

“ನೆರೈದಾ, ಬೆನ್ನಿಗೆ ಇನ್ನೊಂದು ದಿಂಬು ಇಡು. ಈ ಪೆದ್ದನಿಗೆ ಎದ್ದು ಕೂತೇ ಹೇಳ್ಬೇಕು.”

ನೆರೈದಾ ದಿಂಬಿಟ್ಟಳು, ಕೈಗೆ ಸೂಪಿನ ಬಟ್ಟಲನ್ನೂ ಇಟ್ಟಳು. ಜಗಳದ ನಡುವೆ ಅದು ಖಾಲಿಯಾದದ್ದು ಬಾಸಿಲಿಯೊಗೆ ತಿಳಿಯಲೇ ಇಲ್ಲ.

ಈಗ ಎರ್ಮಿನಿಯೊ ಹತ್ತು ಗಂಟೆಗೆ ಪಾರ್ಕಿನ ಬದಲು ಆ ಮಂಚದ ಬದಿಗೆ ಬರುತ್ತಾನೆ. ಜೋರಾಗಿ ಮಾತಾಡಕೂಡದೆಂದು ಡಾಕ್ಟರ ಅಪ್ಪಣೆಯಾಗಿದೆ. ಹಾಗಾಗಿ ಇಬ್ಬರೂ ಪಿಸುಮಾತಿನಲ್ಲಿ ಬೈದಾಡುತ್ತಾರೆ.