ಸಂಜೆಯೇ ಬಂದಿದ್ದ ರಿಪೋರ್ಟು

ಸುಮಾ, ನಿಮ್ಮಮ್ಮನ ರಕ್ತದ ರಿಪೋರ್ಟು ನಿನ್ನ ನಿಶ್ಚಿತಾರ್ಥದ ಹಿಂದಿನ ಸಂಜೆಯೇ ಬಂದಿತ್ತು. ಮರುದಿನ ಬಂತೆಂದು ನಾನು ಹೇಳಿದ್ದು ಸುಳ್ಳು — ಕುಣಿಗಲ್ಲಿನ ಮಕ್ಕಳಿಗೆಲ್ಲ ನಿಯತ್ತು ಹೇಳಿಕೊಡುವ ಟೀಚರು ನಾನು, ಥೂ!

ನಿಮ್ಮಮ್ಮನಿಗೆ, ನನ್ನ ಅಕ್ಕನಿಗೆ, ಅಂಡಾಶಯದ ಕ್ಯಾನ್ಸರ್ ಎಂಬುದನ್ನು ಗುಬ್ಬಿಯ ಗಂಡಿನ ಮನೆಯವರಿಂದ ಮುಚ್ಚಿಟ್ಟಿದ್ದೆವು. ಆ ವಾರವಿಡೀ ಅವಳಿಗೆ ತೀರದ ದಾಹ, ವಾಂತಿ, ಮಂಪರು. ಮರಳೂರಿನ ನಿಮ್ಮ ಮನೆ ಹತ್ತಿರದ ಲ್ಯಾಬಿನಲ್ಲಿ ನಾನೇ ರಕ್ತ ಕೊಡಿಸಿದ್ದೆ. ಸಂಜೆ ಫೋನ್ ಬಂತು.

"ಮೇಡಂ, ಕ್ಯಾಲ್ಸಿಯಂ ತುಂಬಾ ಜಾಸ್ತಿ ಇದೆ. ಈಗ್ಲೇ ಆಸ್ಪತ್ರೆಗೆ ಕರ್ಕೊಂಡ್ ಹೋಗಿ."

ಅರ್ಥವಾಗಲಿಲ್ಲ ಎನ್ನಲಾರೆ. 'ಈಗ್ಲೇ' ಎಂಬುದು ಅರ್ಥವಾಗದ ಮಾತೇ? ಆದರೆ ಬೆಳಗ್ಗೆ ಬೀಗರು ಬರುವವರಿದ್ದರು. ತಾಯಿ ಎಲ್ಲಿ ಎಂದು ಕೇಳಿದರೆ, ಕಾಯಿಲೆ ಗೊತ್ತಾದರೆ, ನಾಳೆ ಹುಡುಗಿಗೂ ಬಂದೀತು ಎಂದುಬಿಟ್ಟರೆ — ಕ್ಯಾಲ್ಸಿಯಂ ತಾನೇ, ಮೂಳೆಗೆ ಒಳ್ಳೆಯದೇ ಅಲ್ಲವೇ, ಎಂದು ನನಗೆ ನಾನೇ ಹೇಳಿಕೊಂಡೆ. ಅಷ್ಟರಲ್ಲಿ ನೀನು ಬಂದೆ.

"ಲ್ಯಾಬಿನವ್ರಾ ಚಿಕ್ಕಮ್ಮ? ಏನಂತೆ?"

"ರಿಪೋರ್ಟ್ ಇನ್ನೂ ಬಂದಿಲ್ವಂತೆ ಕಣೇ. ಹೋಗು, ಮೆಹಂದಿ ಹಾಕಿಸ್ಕೊ."

ಮರುದಿನ ತಾಂಬೂಲ ಬದಲಾಯಿಸಲು ಅಕ್ಕನನ್ನು ಕೂರಿಸಿ, ಬೀಳದಂತೆ ಬೆನ್ನಿಗೆ ಕೈ ಕೊಟ್ಟಿದ್ದೆ. ತಟ್ಟೆ ಹಿಡಿದ ಅವಳು ನಿನ್ನನ್ನೇ ನೋಡಿ, "ಈ ಹುಡುಗಿ ಯಾರು?" ಎಂದಳು. ಇದು ಮಂಪರಿನ ಮಾತೆಂದು ನನಗೆ ಗೊತ್ತಿತ್ತು. ಆದರೂ, "ರೇಷ್ಮೆ ಸೀರೇಲಿ ಮಗಳ ಗುರುತೇ ಸಿಗ್ತಿಲ್ಲ ನೋಡಿ!" ಎಂದು ನಕ್ಕೆ. ಎಲ್ಲರೂ ನಕ್ಕರು. ನೀನೂ ನಕ್ಕೆ.

ಬೀಗರು ಹೊರಟ ಮೇಲೆ ಎಬ್ಬಿಸಿದರೆ ಅವಳು ಏಳಲಿಲ್ಲ. ಆಸ್ಪತ್ರೆಯಲ್ಲಿ ಡಾಕ್ಟರು ಕೇಳಿದರು, "ರಿಪೋರ್ಟ್ ಯಾವಾಗ ಬಂತು?" "ಈಗ ತಾನೇ ಫೋನಿನಲ್ಲಿ ಹೇಳಿದ್ರು," ಎಂದೆ. ಡ್ರಿಪ್ ಹಾಕಿದರು, ತಡವಾಯಿತು ಎಂದರು. ಮೂರನೆಯ ದಿನ ಅಕ್ಕ ಹೋದಳು, ನಿನ್ನ ಗುರುತು ಹಿಡಿಯದೆಯೇ.

"ನಾನೇ ದಿನಾ ಹಾಲು, ರಾಗಿಗಂಜಿ ಕುಡಿಸಿ ಕ್ಯಾಲ್ಸಿಯಂ ಏರಿಸ್ಬಿಟ್ಟೆ," ಎಂದು ನೀನು ಅತ್ತೆ. ಅದು ಗಡ್ಡೆಯಿಂದ ಏರಿದ್ದು, ಊಟದಿಂದಲ್ಲ ಎಂದು ಡಾಕ್ಟರು ನನಗೆ ಹೇಳಿದ್ದರು. ನಿನಗೆ ಹೇಳಲಿಲ್ಲ. ಹೇಳಿದ್ದರೆ, ಮತ್ತೆ ಹೊತ್ತು ಮೀರಿದ್ದು ಹೇಗೆ ಎಂದು ನೀನು ಕೇಳುತ್ತಿದ್ದೆ. ನೀನು ಅಳುವುದೇ ನನಗೆ ಅನುಕೂಲವಾಗಿತ್ತು.

ಮೊನ್ನೆ ಗುಬ್ಬಿಯಲ್ಲಿ, ನಿನ್ನ ಕೂಸಿಗೆ ರಾಗಿ ಸರಿ ತಿನ್ನಿಸಲು ನಿಮ್ಮತ್ತೆ ಬಟ್ಟಲು ತಂದಾಗ ನೀನು ಕಿತ್ತುಕೊಂಡದ್ದನ್ನು ನೋಡಿದೆ. ಐದು ವರ್ಷವಾದರೂ —

ತಿನ್ನಿಸು ಮಗಳೇ. ರಾಗಿಯದೇನೂ ತಪ್ಪಿಲ್ಲ, ನಿನ್ನದೂ ಇಲ್ಲ. ಆ ರಿಪೋರ್ಟನ್ನು ಈ ಪತ್ರದ ಜೊತೆ ಇಟ್ಟಿದ್ದೇನೆ. ಮೇಲೆ ತಾರೀಖೂ ಹೊತ್ತೂ ಅಚ್ಚಾಗಿದೆ, ನಿಶ್ಚಿತಾರ್ಥದ ಹಿಂದಿನ ದಿನ, ಸಂಜೆ ಐದೂ ನಲವತ್ತು. ಭಾನುವಾರ ಗುಬ್ಬಿಗೆ ಬರುತ್ತೇನೆ. ನೀನು ಬಾಗಿಲು ತೆಗೆಯದಿದ್ದರೆ ಹೊರಗೇ ನಿಂತಿರುತ್ತೇನೆ.