ಕಿವಿಯ ಹಿಂದಿನ ಕೆಂಪು

ಅತ್ತೆ ಆಸ್ಪತ್ರೆಯಿಂದ ಮನೆಗೆ ಬಂದಾಗ ಆಕ್ಸಿಜನ್ ಮಿಷನ್ನೂ ಅವರ ಜೊತೆಗೆ ಬಂತು. ಕೋಡಿಯಲ್ಲಿ ನಮ್ಮ ಮನೆ ಹೊಳೆಯ ಕಡೆಗೆ ಮುಖ ಮಾಡಿದೆ. ಮಧ್ಯಾಹ್ನ ನೀರಿನ ಬೆಳಕು ಕಿಟಕಿಯಿಂದ ಒಳಬಂದು ಮಾಡಿನ ಕೆಳಗೆಲ್ಲ ಅಲುಗಾಡುತ್ತದೆ. ಅತ್ತೆ ಆ ಬೆಳಕಿನಡಿ ಮಲಗಿರುತ್ತಿದ್ದರು. ಮೂಗಿನಿಂದ ಹೊರಟ ತೆಳು ಪೈಪು ಎರಡೂ ಕಿವಿಗಳ ಹಿಂದೆ ಸುತ್ತಿ ಗಲ್ಲದಡಿ ಸೇರುತ್ತಿತ್ತು. ನಾನು ಅಲ್ಲೇ ಕೂತು ರವಿಕೆ ಹೊಲಿಯುತ್ತಿದ್ದೆ. ಗುಂಯ್ ಎನ್ನುವ ಮಿಷನ್ನಿನ ಸದ್ದಿಗೆ ನನಗೂ ಜೊಂಪು ಹತ್ತಿ, ಮನೆಯೇ ಮೆಲ್ಲಗೆ ತೇಲುತ್ತ ಅಳಿವೆ ದಾಟಿ ಕಡಲು ಸೇರುತ್ತಿದೆ ಅನ್ನಿಸುತ್ತಿತ್ತು.

ಅತ್ತೆ ಬಹಳ ವರ್ಷ ಬುಟ್ಟಿ ಹೊತ್ತು ಮೀನು ಮಾರಿದವರು. ಅರೆನಿದ್ದೆಯಲ್ಲಿ "ಬಂಗ್ಡಿ ಬೇಕಾ, ಬಂಗ್ಡಿ" ಎಂದು ಕೂಗುತ್ತಿದ್ದರು. ಎಚ್ಚರವಾದ ಮೇಲೆ ಕೇಳಿದರೆ, ಸಾಲಿಗ್ರಾಮದ ತನಕ ಹೋಗಿ ಬಂದೆ ಎಂದು ನಗುತ್ತಿದ್ದರು.

ಒಂದು ಬೆಳಿಗ್ಗೆ ಅವರ ತಲೆ ಬಾಚಲು ಕೂತೆ. ಬಾಚಣಿಗೆ ಕಿವಿಯ ಹತ್ತಿರ ಹೋದದ್ದೇ ಅತ್ತೆ ತಲೆ ಸರಿಸಿಕೊಂಡರು. ಪೈಪು ಎತ್ತಿ ನೋಡಿದೆ. ಅದು ಕೂರುವ ಗೆರೆಯಲ್ಲೇ ಚರ್ಮ ಕೆಂಪಾಗಿ, ಒಂದು ಕಡೆ ಒಡೆದಿತ್ತು.

"ಇಷ್ಟ್ ದಿನ ಹೇಳ್ಲಿಲ್ಲೆ ಎಂತಕೆ ಅತ್ತೆ?"

"ಹೇಳಿ, ನೀವ್ ಮಿಷನ್ ತೆಗ್ದ್ರೆ? ಮತ್ತೆ ಉಸ್ರ್ ಎಲ್ಲಿಂದ ಬಪ್ಪುದ್?"

ಕಂಡವರ ರವಿಕೆಯ ತೋಳು ಬಿಗಿಯಾಯಿತೇ ಎಂದು ಬೆರಳು ತೂರಿಸಿ ನೋಡುವವಳು ನಾನು. ಎರಡು ಮಾರು ದೂರದಲ್ಲಿ ಮಲಗಿದ್ದವರ ಕಿವಿ ನೋಡಿರಲಿಲ್ಲ. ತೆಂಗಿನೆಣ್ಣೆಯ ಬಾಟಲಿ ಕೈಗೆತ್ತಿಕೊಂಡೆ, ಆದರೂ ಕೇಳಿಬಿಡೋಣವೆಂದು ನಮ್ಮ ಕಡೆಗೆ ಬರುವ ನರ್ಸಿಗೆ ಫೋನ್ ಮಾಡಿದೆ.

"ಎಣ್ಣಿ ಮಾತ್ರ ಹಚ್ಬೇಡಿ ಅಕ್ಕ. ಆಕ್ಸಿಜನ್ ಇಪ್ಪಲ್ಲಿ ಎಣ್ಣಿ ಇದ್ರೆ ಬೆಂಕಿ ಹೆದ್ರಿಕೆ. ನಾನ್ ಈಗ್ಳೇ ಬತ್ತೆ" ಎಂದಳು.

ಬಂದವಳು ಗಾಯ ತೊಳೆದು ಒರೆಸಿ, ಪೈಪಿನಡಿ ಸ್ಪಂಜಿನಂಥ ಮೆತ್ತನೆಯ ಪಟ್ಟಿ ಅಂಟಿಸಿದಳು. ಗಲ್ಲದಡಿ ಎರಡು ಬೆರಳು ಹಿಡಿಸುವಷ್ಟು ಪೈಪು ಸಡಿಲಿಸಿದಳು. ಆಮೇಲೆ ಇನ್ನೊಂದು ಕಿವಿಯ ಹಿಂದೆ ಮೆಲ್ಲಗೆ ಒತ್ತಿ ತೋರಿಸಿದಳು. "ಒತ್ತಿರೆ ಬೆಳಿ ಆಯ್, ಬಿಟ್ಟ್ರೆ ಮತ್ತೆ ಬಣ್ಣ ಬಂದ್ರೆ ಅಡ್ಡಿಲ್ಲ. ಬೆಳಿ ಆಗ್ದೆ ಕೆಂಪ್ ಹಾಂಗೇ ಉಳ್ದ್ರೆ ನಂಗೆ ಹೇಳಿ. ದಿನಕ್ಕೆ ಮೂರ್ ಸಲ ಪೈಪ್ ಎತ್ತಿ ಕಾಣ್ಕ್, ಕೆಮಿ ಹಿಂದೆ, ಮೂಗಿನ ಬುಡ, ಕೆನ್ನಿ ಎಲ್ಲ." ಅತ್ತೆಯ ಕೈ ಹಿಡಿದು, "ನೋವಾರೆ ಹೇಳಿ ಅಮ್ಮ. ಮಿಷನ್ ಯಾರೂ ತೆಗುದಿಲ್ಲೆ" ಎಂದಳು. ಅತ್ತೆ ಆ ಕೈಯನ್ನು ಬಹಳ ಹೊತ್ತು ಬಿಡಲಿಲ್ಲ.

ಆಮೇಲಿನ ದಿನಗಳು ಒಂದೇ ಉದ್ದನೆಯ ಮಧ್ಯಾಹ್ನದ ಹಾಗೆ ನೆನಪಿನಲ್ಲಿವೆ. ಬೆಳಿಗ್ಗೆ ಚಾ ಆದ ಮೇಲೆ, ಊಟದ ನಂತರ, ಸಂಜೆ ಕತ್ತಲಾಗುವ ಮೊದಲು ಪೈಪು ಎತ್ತಿ ನೋಡುತ್ತಿದ್ದೆ. ಅವರು ಕಣ್ಣು ಮುಚ್ಚಿ ತಲೆ ನನ್ನ ಅಂಗೈಗೆ ಕೊಡುತ್ತಿದ್ದರು. ಇಷ್ಟು ವರ್ಷ ಒಂದೇ ಮನೆಯಲ್ಲಿದ್ದೂ ಅವರ ಕಿವಿಯ ಹಿಂದಿನ ಚರ್ಮ ಮಗುವಿನದರಷ್ಟು ಮೆತ್ತಗಿದೆಯೆಂದು ನನಗೆ ತಿಳಿದಿರಲಿಲ್ಲ. ಗಾಯ ನಿಧಾನವಾಗಿ ಒಣಗಿತು. ಹೊಸ ಚರ್ಮ ತೆಳು ಗುಲಾಬಿ ಬಣ್ಣದ್ದಾಗಿ ಬಂತು.

ಒಂದು ದಿನ ನಾನು ರವಿಕೆಗೆ ಗುಂಡಿ ಹಚ್ಚುತ್ತಿದ್ದೆ. ಅತ್ತೆ ಕಣ್ಣು ತೆರೆಯದೆಯೇ ನನ್ನನ್ನು ಕರೆದು ಗದರಿದರು: "ಹೆಣೆ, ಎಡ್ಗಡೆ ಬಿಗಿ ಆಯಿತ್. ಸಡ್ಲ ಮಾಡ್."

ಎದ್ದುಹೋಗಿ ಪೈಪು ಸಡಿಲಿಸಿದೆ. ಈಗ ಹೇಗಿದೆ ಎಂದು ಕೇಳುವಷ್ಟರಲ್ಲಿ ಅವರಿಗೆ ನಿದ್ದೆ ಬಂದಿತ್ತು.